ಮಾರುದೂರದ ಮೇಡಂ ಅಕ್ಕನೊಡನೆ ಮಾತಾಡಿದ್ದು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಕೆಗೆ 'ಮಾರುದೂರದ ಮೇಡಂ' ಎಂದೇ ಹೆಸರು. ಸ್ಕ್ಯಾನಿಗೆ ಬಂದವರ ಕೈಗೆ ವಿಕಿರಣದ ಔಷಧಿ ಚುಚ್ಚಿ, ಹತ್ತಿ ಒತ್ತಿ, ಅವರು ಕಣ್ಣು ಬಿಡುವುದರೊಳಗೆ ಬಾಗಿಲ ಹೊರಗಿರುತ್ತಿದ್ದಳು. "ಇನ್ನು ಮೇಲೆ ಒಂದು ಮಾರು ದೂರದಿಂದ ಮಾತಾಡೋಣ, ಬೇಜಾರು ಮಾಡ್ಕೋಬೇಡಿ" ಎನ್ನುತ್ತಿದ್ದಳು. ಚುಚ್ಚಿಸಿಕೊಂಡವರ ಮೈಯೇ ಕೆಲವು ಗಂಟೆ ವಿಕಿರಣ ಸೂಸುತ್ತದೆ. ರೋಗಿಗೆ ಅದು ಎಂದೋ ಒಮ್ಮೆ, ಇವಳಿಗೆ ದಿನಬೆಳಗಾದರೆ ಅದೇ ಕಸುಬು. ಹತ್ತಿರ ಇರುವ ಹೊತ್ತು ಕಡಿಮೆಯಾಗಬೇಕು, ಇರಲೇಬೇಕಾದರೆ ನಡುವೆ ಸೀಸದ ತಡೆ ಬೇಕು. ಆದರೆ ವರ್ಷಗಟ್ಟಲೆ ಹೀಗೆ ಹಿಂದೆ ಸರಿದ ಕಾಲು ಮನೆಯಲ್ಲೂ ಹಿಂದಕ್ಕೇ ಸರಿಯುತ್ತದೆ. ಗಂಡ ಟೀ ಲೋಟ ಕೈಗೆ ಕೊಡಲು ಬಂದರೂ "ಅಲ್ಲೇ ಇಡಿ" ಎನ್ನುವಳು. "ನಾನೇನು ನಿನ್ನ ಔಷಧಿ ಥರ ಸೀಸದ ಡಬ್ಬಿಯಿಂದ ಎದ್ದು ಬಂದಿದೀನಾ?" ಎಂದು ಅವನು ರೇಗಿಸುವನು.

ಈ ದೂರವೇ ಅಕ್ಕತಂಗಿಯರ ನಡುವೆ ಮುನಿಸು ತಂದಿಟ್ಟಿತ್ತು. ಅಕ್ಕನಿಗೆ ಮೊಮ್ಮಗಳು ಹುಟ್ಟಿದ ವಾರ ಇವಳು ಡ್ಯೂಟಿ ಮುಗಿಸಿ ನೋಡಲು ಹೋದಳು. ಅಕ್ಕ ಕೂಸನ್ನು ಮುಂದೆ ಚಾಚಿದರೆ ಇವಳು ಬಾಗಿಲಿಗೆ ಒರಗಿ ನಿಂತೇ ಇದ್ದಳು, ಕೈ ಚಾಚಲಿಲ್ಲ. ಅಂದು ಬೆಳಿಗ್ಗೆ ಔಷಧಿಯ ಹನಿಯೊಂದು ಗ್ಲೌಸಿನ ಮೇಲೆ ಬಿದ್ದಿತ್ತು. ಗ್ಲೌಸು ಬಿಚ್ಚಿ, ಕೈ ತೊಳೆದು ವಿಕಿರಣ ಅಳೆಯುವ ಮೀಟರ್ ಹಿಡಿದಾಗ ಅದು ತೆಪ್ಪಗಿತ್ತು. ಕೈ ಶುದ್ಧವೆಂದು ಬುದ್ಧಿಗೆ ಗೊತ್ತಿದ್ದರೂ ಎಳೆಗೂಸನ್ನು ಮುಟ್ಟಲು ಧೈರ್ಯ ಬರಲಿಲ್ಲ. ಮನೆಯವರು ಹೆದರಿಯಾರೆಂದು ಬಾಯಿ ಬಿಟ್ಟು ಹೇಳಲೂ ಇಲ್ಲ. ಜಾಣರು ಮಾಡುವ ಪೆದ್ದುತನವೆಂದರೆ ಇದೇ ನೋಡಿ. "ದೊಡ್ಡ ಕೆಲಸದವಳು, ನಮ್ಮ ಕೂಸನ್ನ ಯಾಕೆ ಮುಟ್ತಾಳೆ?" ಎಂದು ಅಕ್ಕ ಮುಖ ಊದಿಸಿದಳು. ಊರವರೊಂದಿಗೆಲ್ಲ ಅರಳು ಹುರಿದಂತೆ ಮಾತಾಡುವ ಅಕ್ಕ ಅಂದಿನಿಂದ ತಂಗಿಯೊಡನೆ ಮಾತು ಬಿಟ್ಟಳು.

ಕೂಸು ನಡೆದಾಡಿ, ಓಡಾಡುವಷ್ಟು ದೊಡ್ಡದಾದ ಮೇಲೆ ಆ ಅಕ್ಕನೇ ಸ್ಕ್ಯಾನಿಗೆ ಬಂದಳು. ಹಿಂದೊಮ್ಮೆ ಕುತ್ತಿಗೆಯಿಂದ ತೆಗೆಸಿದ್ದ ಗಂಟು ಮತ್ತೆ ಬಂದಿದೆಯೇನೋ ಎಂಬ ಅನುಮಾನ. ಇನ್ನೊಂದು ಆಪರೇಷನ್ ಬೇಕೋ ಬೇಡವೋ ಎಂಬುದನ್ನು ಈ ಚಿತ್ರ ನೋಡಿಯೇ ಹೇಳಬೇಕಿತ್ತು. ಆ ಔಷಧಿ ಸಕ್ಕರೆಯ ಜಾತಿಯದು. ಮೈಯಲ್ಲಿ ಯಾವುದು ದುಡಿಯುತ್ತದೋ ಅಲ್ಲಿಗೆ ಓಡುತ್ತದೆ. ಚುಚ್ಚಿದ ಮೇಲೆ ಮಾತಾಡುತ್ತಾ ಮಲಗಿದರೆ ಚಿತ್ರದಲ್ಲಿ ಗಂಟಲೇ ದೀಪದ ಹಾಗೆ ಬೆಳಗಿ, ಪಕ್ಕದಲ್ಲಿ ಗಂಟಿದ್ದರೂ ತಿಳಿಯುವುದಿಲ್ಲ.

"ಒಂದು ಗಂಟೆ ಮಾತಾಡ್ಬೇಡ, ಅಲ್ಲಾಡ್ಬೇಡ" ಎಂದಷ್ಟೇ ಹೇಳಿ, ಚುಚ್ಚಿ, ತಂಗಿ ಹೊರಬಂದಳು. ಒಳಕೋಣೆಯ ಕ್ಯಾಮೆರಾದ ಪರದೆ ನೋಡಿದರೆ ಅಕ್ಕನ ತುಟಿ ಆಡುತ್ತಿತ್ತು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಅಕ್ಕ ಈಗಲೇ ಬೀಗ ಒಡೆದಿದ್ದಳು.

"ಇವತ್ತೂ ಓಡಿ ಹೋದ್ಯಲ್ಲೇ! ಸಾಯೋಳನ್ನೂ ಮುಟ್ಟಬಾರದೇನೇ?"

ಒಳಗೆ ಓಡಿ ಹೋಗಿ ತಬ್ಬಿಕೊಳ್ಳಬೇಕೆಂದು ತಂಗಿಗೆ ಜೀವ ಚಡಪಡಿಸಿತು. ಹೋದರೆ ಅಕ್ಕ ಇನ್ನೂ ಅಳುತ್ತಾಳೆ, ಇನ್ನೂ ಮಾತಾಡುತ್ತಾಳೆ, ಚಿತ್ರ ಕೆಡುತ್ತದೆ. ಅವಳು ಮೈಕಿನ ಗುಂಡಿ ಒತ್ತಿದಳು. ಚಿಕ್ಕಂದಿನಿಂದ ಇಬ್ಬರ ಪಾಲಿನ ಮಾತನ್ನೂ ಅಕ್ಕನೇ ಆಡಿದ್ದರಿಂದ ಇವಳಿಗೆ ನಾಲ್ಕು ಮಾತು ಜೋಡಿಸುವುದೂ ಕಷ್ಟವೇ.

"ಅಕ್ಕಾ, ಬಾಯ್ಮುಚ್ಚು. ಇವತ್ತು ನಾನು ಮಾತಾಡ್ತೀನಿ, ನೀನು ಕೇಳು. ತಲೆನೂ ಆಡಿಸ್ಬೇಡ."

ಹನಿ ಬಿದ್ದದ್ದನ್ನು ಹೇಳಿದಳು, ತೊಳೆದದ್ದನ್ನು ಹೇಳಿದಳು. "ಮೀಟರ್ ಸುಮ್ನಿತ್ತು ಕಣಕ್ಕಾ, ನನಗೇ ಧೈರ್ಯ ಬರ್ಲಿಲ್ಲ. ಅಷ್ಟು ಮುದ್ದಾಗಿತ್ತು ಮಗು. ಹೇಳೋಕೂ ಬರ್ಲಿಲ್ಲ, ಹೆಡ್ಡಿ ನಾನು." ಅಕ್ಕನ ಕಣ್ಣೀರು ಕಿವಿಯತ್ತ ಇಳಿಯಿತು. "ಕಣ್ಣೀರು ಪರವಾಗಿಲ್ಲ, ಬಿಕ್ಕಬೇಡ" ಎಂದಳು ತಂಗಿ. ಹೇಳುವುದೆಲ್ಲ ಮುಗಿದ ಮೇಲೂ ಗಂಟೆ ಮುಗಿಯಲಿಲ್ಲ. ಗಂಡನ ಗೊರಕೆ, ಸೋರುವ ನಲ್ಲಿ, ಪಕ್ಕದ ಮನೆಯ ನಾಯಿ, ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. "ನಗ್ಬೇಡ ಅಕ್ಕಾ, ನಕ್ಕರೂ ಗಂಟಲು ದುಡಿಯುತ್ತೆ!"

ಚಿತ್ರ ಚೊಕ್ಕವಾಗಿ ಬಂತು. ಮುಂದಿನದನ್ನು ಡಾಕ್ಟರೇ ಹೇಳಬೇಕು. ಸಂಜೆಯವರೆಗೆ ಚಿಕ್ಕ ಮಕ್ಕಳ ಹತ್ತಿರ ಹೋಗಬೇಡವೆಂದು ಅಕ್ಕನಿಗೆ ಎಚ್ಚರಿಕೆ ಹೇಳಿ, ತಂಗಿ ಕೈ ತೊಳೆದು, ಮೀಟರ್ ಹಿಡಿದು ನೋಡಿಕೊಂಡು, ಅವಳ ಹಿಂದೆ ಹೊರಬಂದಳು.

ಹೊರಗಿನ ಹಜಾರದಲ್ಲಿ ತಾಯಿಯ ಜೊತೆ ಕಾಯುತ್ತಿದ್ದ ಮೊಮ್ಮಗಳು "ಅಜ್ಜೀ" ಎಂದು ಕೈ ಬಿಡಿಸಿಕೊಂಡು ಓಡಿ ಬಂತು.

"ಬರ್ಬೇಡ ಪುಟ್ಟಿ, ಬರ್ಬೇಡ!" ಅಕ್ಕ ಗಾಬರಿಯಿಂದ ಗೋಡೆಯವರೆಗೂ ಹಿಂದೆ ಸರಿದಳು. ಮಗು ನಡುದಾರಿಯಲ್ಲಿ ನಿಂತು, ಅಜ್ಜಿ ಯಾಕೆ ಬೇಡವೆಂದಳೆಂದು ತಿಳಿಯದೆ ತುಟಿ ಸೊಟ್ಟ ಮಾಡಿ ಅಳತೊಡಗಿತು.

ಅಕ್ಕ ಗೋಡೆಗೆ ಒರಗಿಕೊಂಡೇ ತಂಗಿಯನ್ನು ನೋಡಿದಳು.

"ಅವತ್ತು ನಿನಗೆ ಹಿಂಗೇ ಆಗಿತ್ತೇನೇ?"

ತಂಗಿ ಹೌದೆಂದು ತಲೆಯಾಡಿಸಿದಳು.

"ಸರಿ, ನಿಂತು ನೋಡ್ತೀಯೇನೇ ಇನ್ನೂ? ಅಳ್ತಿದೆ, ಎತ್ಕೋ."

ತಂಗಿ ಬಾಗಿ ಮಗುವನ್ನು ಎತ್ತಿಕೊಂಡಳು.