ಎಡಮೂಗಿನ ಬದಿಗೆ ಕಡಿದ ಗೆರೆ

ನಿನ್ನ ಮಾಸ್ಕಿನಿಂದ ಗಾಳಿ ಎಲ್ಲಿ ಸೋರುತ್ತಿತ್ತು ಎಂಬುದು ನನಗೆ ಗೊತ್ತಿತ್ತು, ಗಿರಿಜಾ. ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ತಪ್ಪನ್ನು ನಿನ್ನ ಮೇಲೆ ಹಾಕಿದೆ — ಕಟ್ಟಿಕೊಂಡ ಹೆಂಡತಿಯ ಮೇಲೆ, ನನ್ನ ಮಾತನ್ನು ಮರುಪ್ರಶ್ನೆ ಮಾಡದೆ ನಂಬುವವಳ ಮೇಲೆ. ಇಷ್ಟು ವರ್ಷ ಅದನ್ನು ನುಂಗಿಕೊಂಡು ಕೂತೆ. ಈಗ ನೀನು ಎದುರು ಮನೆಗೆ ಹೋಗಿದ್ದೀಯ. ನೀನು ಬರುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು, ಆಮೇಲೆ ಬಾಯಿಬಿಟ್ಟು ಹೇಳಬೇಕು. ಬರೆಯದೆ ಹೇಳಹೊರಟರೆ ನಡುವೆ ಏನಾದರೂ ಜಾಣತನ ಮಾಡಿಬಿಡುತ್ತೇನೆ — ನನ್ನನ್ನು ನಾನು ಬಲ್ಲೆ.

ನೆನಪು ಮಾಡಿಕೋ. ಕೂಕಟ್‌ಪಲ್ಲಿಯ ಈ ಫ್ಲ್ಯಾಟಿಗೆ ನಾವು ಬಂದ ಹೊಸತು. ಈಗ ಬೀದಿಯಲ್ಲಿ ಏಳುತ್ತಿರುವ ಮೆಟ್ರೋ ಕಂಬಗಳ ಸುದ್ದಿಯೇ ಆಗ ಇರಲಿಲ್ಲ. ನೀನು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ನಾನು ನಾಚಾರಂನ ಒಂದು ರಬ್ಬರ್ ಕಾರ್ಖಾನೆಯಲ್ಲಿ, ಸಂದು ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್‌ಗಳ ವಿಭಾಗ ನೋಡಿಕೊಳ್ಳುತ್ತಿದ್ದೆ. ನಿನ್ನ ಗೊರಕೆಗೆ ನಾನೂ ಅವ್ವನೂ ನಗುತ್ತಿದ್ದೆವು. ಗೊರಕೆಯ ನಡುನಡುವೆ ನಿನ್ನ ಉಸಿರೇ ನಿಂತುಹೋಗುತ್ತದೆ ಎಂದು ತಿಳಿದ ದಿನ ಆ ನಗು ನಿಂತಿತು. ಬೇಗಂಪೇಟೆಯ ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿಸಿ, ಗಾಳಿ ಊದುವ ಯಂತ್ರ ಬರೆದುಕೊಟ್ಟರು. ಅದರ ಕೊಳವೆಯ ತುದಿಗೆ ಮೂಗು ಮುಚ್ಚುವ ಮೆತ್ತನೆಯ ಮಾಸ್ಕ್. ಮಲಗಿದಷ್ಟು ಹೊತ್ತೂ ಆ ಗಾಳಿ ಗಂಟಲ ದಾರಿಯನ್ನು ತೆರೆದಿಡಬೇಕು. ಮಾಸ್ಕ್ ಸೋರಿದರೆ ಎಲ್ಲ ದಂಡ. ನಿನ್ನದು ಸೋರಿತು. ಸೋರಿದ ಗಾಳಿ ಕಣ್ಣಿಗೆ ಬಡಿದು, ಬೆಳಿಗ್ಗೆ ಎದ್ದಾಗ ನಿನ್ನ ಕಣ್ಣುಗಳು ಕೆಂಪಗಾಗಿರುತ್ತಿದ್ದವು.

"ಸೋರೋದು ನಿಲ್ಲಸೋದ ನನ್ನ ಹೊಟ್ಟಿಪಾಡು, ನೀ ಚಿಂತಿ ಬಿಡು," ಎಂದು ದೊಡ್ಡ ಮಾತಾಡಿದೆ.

ನಮ್ಮ ಕಾರ್ಖಾನೆಯಲ್ಲಿ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವ ಒಂದು ಹಳೆಯ ರೀತಿ ಇದೆ. ಅಂಚಿಗೆ ಸೀಮೆಸುಣ್ಣದ ಪುಡಿ ಸವರಿ ಒತ್ತಿ ತೆಗೆಯುತ್ತೇವೆ. ಪುಡಿಯ ಗುರುತು ಎಲ್ಲಿ ಕಡಿದಿದೆಯೋ ಸೋರುವುದು ಅಲ್ಲೇ. ಒಂದು ಭಾನುವಾರ ಮಧ್ಯಾಹ್ನ, ಊಟ ಆದಮೇಲೆ, ನಿನ್ನನ್ನು ಕಿಟಕಿಯ ಹತ್ತಿರ ಕೂರಿಸಿ, ನಿನ್ನದೇ ಪೌಡರನ್ನು ಮಾಸ್ಕಿನ ಅಂಚಿಗೆ ಸವರಿ ಮುಖಕ್ಕೆ ಒತ್ತಿದೆ. ನೀನು ಕಣ್ಣು ಮುಚ್ಚಿಕೊಂಡು ನಗುತ್ತಿದ್ದೆ. ತೆಗೆದು ನೋಡಿದರೆ — ಮೂಗಿನ ಸುತ್ತ ಬೆಳ್ಳನೆಯ ಗೆರೆ, ಅಚ್ಚು ಹೊಡೆದ ಹಾಗೆ. ಎಡಮೂಗಿನ ಬದಿಗೆ ಮಾತ್ರ ಕಡಿದಿತ್ತು. ಅಲ್ಲಿ ನಿನ್ನ ಮೂಗುಬೊಟ್ಟು ಇತ್ತು. ಮದುವೆಯಲ್ಲಿ ಅವ್ವ ಇಟ್ಟ, ಅಂದಿನಿಂದ ನೀನು ತೆಗೆಯದ, ಏಳು ಕಲ್ಲಿನ ಮೂಗುಬೊಟ್ಟು. ಮಾಸ್ಕಿನ ಅಂಚು ಅದರ ಮೇಲೆ ಹತ್ತಿ ಎದ್ದುನಿಲ್ಲುತ್ತಿತ್ತು, ಅಷ್ಟೇ.

"ಸಿಕ್ತೇನ್ರಿ?" ಎಂದೆ ನೀನು.

ಮಲಗುವಾಗ ಇದನ್ನು ತೆಗೆದಿಡು — ಇಷ್ಟು ಮಾತು ನನ್ನ ಬಾಯಿಗೆ ಬರಲಿಲ್ಲ. ಬದಲಿಗೆ ನೀನು ಕನ್ನಡಿಯ ಹತ್ತಿರ ಹೋಗುವ ಮೊದಲೇ ಟವೆಲ್ಲಿನಿಂದ ನಿನ್ನ ಮುಖ ಒರೆಸಿದೆ. ಪ್ರೀತಿಯಿಂದ ಒರೆಸಿದೆ ಎಂದು ನೀನು ತಿಳಿದಿರಬೇಕು. ಒರೆಸುತ್ತಲೇ ಹೇಳಿದೆ:

"ಮಾಸ್ಕ್ ಎಲ್ಲಾ ಸರಿ ಐತಿ. ನೀನ ನಿದ್ದ್ಯಾಗ ಭಾಳ ಹೊರಳಾಡತಿ. ಅದಕ್ಕ ಸೋರತೈತಿ."

ನೀನು ಹೊರಳಾಡುವವಳೇ ಅಲ್ಲ. ಮಲಗಿದ ಮಗ್ಗುಲಲ್ಲೇ ಏಳುವವಳು. ಪಕ್ಕದಲ್ಲಿ ಮಲಗುವ ನನಗಲ್ಲದೆ ಅದು ಇನ್ಯಾರಿಗೆ ಗೊತ್ತಿರಬೇಕು?

ಯಾಕೆ ಹಾಗೆ ಹೇಳಿದೆ — ಇದನ್ನು ಸಬೂಬಿಗಾಗಿ ಬರೆಯುತ್ತಿಲ್ಲ, ನನ್ನ ಹೇಡಿತನ ಎಷ್ಟಿತ್ತೆಂದು ನಿನಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ರಾಯಚೂರಿನಲ್ಲಿ, ನಾನು ಸಣ್ಣವನಿದ್ದಾಗ, ನಮ್ಮ ಸೋದರಮಾವ ತೀರಿಕೊಂಡ. ಹಿತ್ತಲಲ್ಲಿ ಹೆಂಗಸರು ಅತ್ತೆಯನ್ನು ಕೂರಿಸಿ ಮೂಗುಬೊಟ್ಟಿನ ತಿರುಪು ಬಿಚ್ಚುವುದನ್ನು ನೋಡಿದ್ದೆ. ಅಲ್ಲಿಯವರೆಗೆ ಅಳದಿದ್ದವಳು ಆಗ ಕೂಗಿಕೊಂಡಳು. ಮುಂದೆ ಎಷ್ಟೋ ಓದಿದೆ, ಕಾರ್ಖಾನೆಯ ಯಂತ್ರಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದವರನ್ನು ಎಲ್ಲರೆದುರು ಗೇಲಿ ಮಾಡಿದೆ. ಆದರೆ ನಿನಗೆ ಯಂತ್ರ ಬಂದ ವರ್ಷವೇ ನನಗೆ ಬಿ.ಪಿ. ಶುರುವಾಗಿತ್ತು, ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತಿತ್ತು. ನಿನ್ನ ಬರೀ ಮೂಗು ನೋಡಿಕೊಂಡು ದಿನಾ ನಿದ್ದೆ ಹೋಗುವುದು — ಅದು ನನ್ನಿಂದ ಆಗುತ್ತಿರಲಿಲ್ಲ. ನಿನ್ನ ಉಸಿರು ನಿಲ್ಲುತ್ತಿತ್ತು. ನಾನು ನನ್ನ ಜೀವಕ್ಕೆ ಹೆದರಿದೆ.

ಅವ್ವನ ಮೇಲೆ ಹಾಕೋಣವೆಂದರೆ ಅದಕ್ಕೂ ದಾರಿಯಿಲ್ಲ. ಅಪ್ಪ ಬದುಕಿದ್ದಾಗಲೇ ಅವಳು ಕಣ್ಣಿನ ಆಪರೇಷನ್ನಿಗೆ ಮೂಗುಬೊಟ್ಟು ತೆಗೆದು ಅವನ ಕೈಗೇ ಕೊಟ್ಟು, "ಹುಷಾರ, ಕಳದ್ರ ಹೊಸಾದು ಮಾಡಿಸಬೇಕಾಕ್ಕತಿ" ಎಂದು ನಕ್ಕಿದ್ದವಳು. ಕೇಳಿದ್ದರೆ ಅವಳೇ ನಿನ್ನ ತಿರುಪು ಬಿಚ್ಚಿಕೊಡುತ್ತಿದ್ದಳು. ಕೇಳಲಿಲ್ಲ.

ಆಮೇಲೆ ನೀನು ಮಾಡಿದ್ದನ್ನು ನಾನು ಮರೆತಿಲ್ಲ. ಹೊರಳಬಾರದೆಂದು ಸೆರಗಿನ ತುದಿಯನ್ನು ಮಂಚದ ಪಟ್ಟಿಗೆ ಗಂಟು ಹಾಕಿಕೊಂಡು ಮಲಗತೊಡಗಿದೆ. ನಾನು ಮಾಡಿದ್ದೇನು? ಮಾಸ್ಕಿನ ಪಟ್ಟಿ ಬಿಗಿ ಮಾಡಿದೆ. ಅತಿಯಾಗಿ ಬಿಗಿದರೆ ಅಂಚು ಮಡಚಿ ಇನ್ನೂ ಹೆಚ್ಚು ಸೋರುತ್ತದೆ ಎಂದು ಕಾರ್ಖಾನೆಯಲ್ಲಿ ಹೊಸಬರಿಗೆ ಪಾಠ ಹೇಳುವವನು ನಾನೇ! ನಿನ್ನ ಮೂಗಿನ ಮೇಲೆ ಹುಣ್ಣಾಯಿತು. ಡಾಕ್ಟರು "ಮಾಸ್ಕ್ ಸರಿಯಾಗಿ ಕೂರುತ್ತಿದೆಯೇ?" ಎಂದು ನಿನ್ನನ್ನು ಕೇಳಿದರೆ, ಉತ್ತರ ಕೊಟ್ಟವನೂ ನಾನೇ — ಸರಿಯಾಗಿದೆ, ಇವಳೇ ಹೊರಳುತ್ತಾಳೆ. ನೀನು ತಲೆ ತಗ್ಗಿಸಿದೆ. ಆ ವಾರವೇ ಯಂತ್ರ ಅಲಮಾರಿಯ ಮೇಲೇರಿತು.

ರಾತ್ರಿಯ ನಿದ್ದೆ ಕೆಟ್ಟು, ಹಗಲು ನಿದ್ದೆ ನಿನ್ನನ್ನು ಹಿಡಿಯಿತು. ಮಕ್ಕಳಿಗೆ ಲೆಕ್ಕ ಕೊಟ್ಟು ಕುರ್ಚಿಯಲ್ಲಿ ಕೂತವಳು ಅಲ್ಲೇ ನಿದ್ದೆ ಹೋದೆ. ಎದ್ದಾಗ ಹೆಡ್‌ಮಿಸ್ಟ್ರೆಸ್ ಎದುರಿಗೆ ನಿಂತಿದ್ದರು, ತರಗತಿಗೆ ತರಗತಿಯೇ ಬಾಯಿ ಮುಚ್ಚಿಕೊಂಡು ನಗುತ್ತಿತ್ತು. 'ನಿದ್ದೆ ಟೀಚರ್' ಎಂಬ ಹೆಸರು ಬಿತ್ತು. ನೀನು ಕೆಲಸ ಬಿಟ್ಟೆ. ಟ್ಯೂಷನ್ನಿಗೆಂದು ಬಂದ ಪಕ್ಕದ ಮಕ್ಕಳನ್ನೂ ಬಾಗಿಲಿಂದಲೇ ಕಳಿಸಿದೆ. ಆಗಲಾದರೂ ಹೇಳಬಹುದಿತ್ತು. ಆಗ ಹೇಳಿದರೆ ನೀನು ಏನನ್ನು ಕಳಕೊಂಡೆ ಎಂಬುದಕ್ಕೆ ನಾನು ಜವಾಬು ಕೊಡಬೇಕಿತ್ತು, ಅದಕ್ಕೇ...

ಮುಂದೆ ಡಾಕ್ಟರು ಮೂಗಿನ ಹೊಳ್ಳೆಗಷ್ಟೇ ಕೂರುವ ಹೊಸ ನಮೂನೆಯ ಚಿಕ್ಕ ಮಾಸ್ಕ್ ಕೊಟ್ಟರು. ಮೂಗುಬೊಟ್ಟು ಅದಕ್ಕೆ ಅಡ್ಡ ಬರಲಿಲ್ಲ. ಸೋರುವುದು ನಿಂತಿತು, ನಿನ್ನ ಮುಖಕ್ಕೆ ಕಳೆ ಬಂತು. "ಇದು ಭಾಳ ಛಲೋ ಐತಿ, ನಾ ಹೊರಳಾಡಿದ್ರೂ ಸೋರಂಗಿಲ್ಲ" ಎಂದು ಬಂದವರಿಗೆಲ್ಲ ಹೇಳಿದೆ. ಪಾರಾದೆ ಎಂದುಕೊಂಡೆ ನಾನು. ನಾಚಿಕೆಯಿಲ್ಲದೆ ಹಾಗೇ ಅಂದುಕೊಂಡೆ.

ಇವತ್ತು ಬೆಳಿಗ್ಗೆ ಎದುರು ಮನೆಯ ಅನಸೂಯಮ್ಮ ಗಾರು ಬಂದರು. ಅವರಿಗೂ ಅದೇ ಕಾಯಿಲೆ, ನಿನ್ನ ಹಳೆಯ ನಮೂನೆಯದೇ ಮಾಸ್ಕ್. "ಗಾಲಂತಾ ಕಳ್ಳಲ್ಲೋಕೇ ವಸ್ತೋಂದಮ್ಮಾ" — ಗಾಳಿಯೆಲ್ಲ ಕಣ್ಣಿಗೇ ಬರುತ್ತಿದೆ ಎಂದು ಗೋಳಾಡಿದರು. ಅವರ ಮೂಗಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ಮೂಗುಬೊಟ್ಟು ಹೊಳೆಯುತ್ತಿತ್ತು. ನಾನು ಪೇಪರು ಹಿಡಿದು ಕೂತಿದ್ದೆ. ನೀನು ಅವರ ಕೈ ಹಿಡಿದುಕೊಂಡು ತೆಲುಗಿನಲ್ಲಿ ಸಮಾಧಾನ ಹೇಳಿದೆ: ತಪ್ಪು ಮಾಸ್ಕಿನದಲ್ಲ, ನಮ್ಮದೇ, ನಾನು ಹೊರಳಾಡಿ ಹೊರಳಾಡಿ ನೌಕರಿ ಕಳಕೊಂಡೆ, ನೀವು ಹಾಗೆ ಮಾಡಬೇಡಿ, ಸೆರಗು ಕಟ್ಟಿಕೊಂಡು ಮಲಗುವುದನ್ನು ನಾನು ತೋರಿಸಿಕೊಡುತ್ತೇನೆ. ಕಲಿಸುವ ದನಿ — ಎಷ್ಟು ವರ್ಷದ ಮೇಲೆ ನಿನ್ನ ಬಾಯಲ್ಲಿ ಆ ದನಿ ಕೇಳಿದೆ! ಅದರಿಂದ ನೀನು ಕಲಿಸಿದ್ದು ನನ್ನ ಸುಳ್ಳನ್ನು.

ಮಧ್ಯಾಹ್ನ ಊಟ ಮುಗಿಸಿ, ಆ ಗಂಟು ತೋರಿಸಲೆಂದೇ ನೀನು ಅಲ್ಲಿಗೆ ಹೋದೆ.

ನೀನು ಬಂದಮೇಲೆ ಹೇಳಬೇಕು ಎಂದು ಮೇಲೆ ಬರೆದೆ. ಇಲ್ಲ, ಕಾಯುವುದಿಲ್ಲ. ಕಾದರೆ ನೀನು ಬಂದು ಚಹಾ ಇಡುತ್ತೀಯ, ನಾನು ಕುಡಿಯುತ್ತೇನೆ, ಇನ್ನೊಂದು ದಿನ ಹೋಗುತ್ತದೆ. ಕಪಾಟಿನಿಂದ ನಿನ್ನ ಪೌಡರ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಈಗಲೇ ಹೋಗುತ್ತೇನೆ. ಅನಸೂಯಮ್ಮನವರ ಮಾಸ್ಕಿಗೆ ಪುಡಿ ಸವರಿ, ಗೆರೆ ಎಲ್ಲಿ ಕಡಿಯುತ್ತದೆಂದು ನಿಮ್ಮಿಬ್ಬರಿಗೂ ತೋರಿಸುತ್ತೇನೆ, ಈ ಸಲ ಒರೆಸುವುದಿಲ್ಲ. ಅವರೆದುರೇ ಹೇಳುತ್ತೇನೆ, ನನ್ನ ಮಾನ ಹೋಗುವುದಾದರೆ ಹೋಗಲಿ, ನಿನ್ನದು ಹೋದದ್ದು ಇಡೀ ತರಗತಿಯ ಎದುರು. ಕ್ಷಮೆ ಕೇಳುವುದಿಲ್ಲ. ಬಾಗಿಲು ದಾಟಿದ ಕೂಡಲೇ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ.

"ಗಿರಿಜಾ, ಆ ಗಂಟು ಬಿಚ್ಚು. ನೀ ಎಂದೂ ಹೊರಳಾಡಿಲ್ಲ."