ಇಳಿಯುತ್ತಿದ್ದವನು ಮೇಲೇರಿದ್ದು

ಬಂಡೆಯ ಕಿರಿದಾದ ಸೀಳಿನಲ್ಲಿ ಹಗ್ಗ ಹಿಡಿದು ಇಳಿಯುತ್ತಿದ್ದ ಹರೀಶ ನನ್ನ ಕಣ್ಣೆದುರೇ ಸರ್ರನೆ ಮೇಲಕ್ಕೆ ಹೋದ. ಕತಾರಿನ ಮರುಭೂಮಿಯ ಆ ಗುಹೆಯ ತಳದಲ್ಲಿ ನಾನು ನಿಂತಿದ್ದೆ. ಹಗ್ಗದ ಮೇಲ್ತುದಿಯನ್ನು ನಮ್ಮ ಜೀಪಿಗೆ ಕಟ್ಟಿದ್ದೆವು. ಅದರ ಕಾವಲಿಗೆ ಗೆಳೆಯ ರಫೀಕ್ ಇದ್ದ.

“ನನಗೆ ಇಳೀಲಿಕ್ಕುಂಟು ಮಾರಾಯ, ನೀನೆಂತ ಎಳೆಯುದು?” ಎಂದು ಹರೀಶ ಕಿರುಚಿದ. ಬಂಡೆಯ ಅಂಚಿಗೆ ಉಜ್ಜಿದ ಹಗ್ಗದ ಒಂದು ಎಳೆ ಬಿಚ್ಚಿಕೊಂಡು ನೇತಾಡುತ್ತಿತ್ತು.

ರಫೀಕ್ ಮೇಲಿನಿಂದ ಇಣುಕಿದ. “ಸೆಕೆ ತಡೀಲಿಕ್ಕಾಗದೆ ಏಸಿಗೆ ಅಂತ ಸ್ಟಾರ್ಟ್ ಮಾಡಿದೆ. ಜೀಪು ಗೇರಿನಲ್ಲಿತ್ತು, ಮುಂದಕ್ಕೆ ಹಾರಿತು!”

ಹರೀಶ ಗೋಡೆಗೆ ಕಾಲು ಕೊಟ್ಟು ಇಂಚಿಂಚಾಗಿ ಇಳಿದ. ನೆಲ ಮುಟ್ಟಿದ್ದೇ ನನ್ನನ್ನು ತಬ್ಬಿಕೊಂಡು, “ಇನ್ನೊಮ್ಮೆ ಇಳಿಯುವಾ?” ಎಂದ.

2005ರ ಆ ಬೇಸಿಗೆಯಲ್ಲಿ ಹೊಸ ಹಗ್ಗ ತಂದು ಮತ್ತೆ ಎಷ್ಟೋ ಶುಕ್ರವಾರ ಇಳಿದೆವು. ಜೀಪಿನ ಕೀಲಿ ಮಾತ್ರ ಇಳಿಯುವವನ ಜೇಬಿನಲ್ಲೇ ಇರುತ್ತಿತ್ತು. ರಫೀಕ್ ಮೇಲೆ ಕೊಡೆ ಹಿಡಿದು ಬೆವರುತ್ತಾ ಕೂರುತ್ತಿದ್ದ.