ಫುಮಿ ಹೇಳಿಸಿದ ಹುಣ್ಣು

ಯಾಸುಜಿಯ ತೋಫು ಅಂಗಡಿಯನ್ನೂ ಅವನ ಹೊಟ್ಟೆಯನ್ನೂ ನೋಡಿಕೊಂಡವಳು ಹೆಂಡತಿ ಫುಮಿ. ಹಿರೋಸಾಕಿಯ ಪೇಟೆಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಅಂಥ ಬಾಯಿ ಒಂದೇ ಒಂದು ಮಾತಿಗೆ ಕಟ್ಟಿಹೋಯಿತು.

ವರ್ಷಕ್ಕೊಮ್ಮೆ ಬರುವ ಎಕ್ಸ್‌ರೇ ಬಸ್ಸಿನಲ್ಲಿ ಯಾಸುಜಿ ಮುಖ ಸಿಂಡರಿಸಿಕೊಂಡು ಹೊಟ್ಟೆಯ ಚಿತ್ರ ಮೂಡಿಸುವ ಬೇರಿಯಂ ದ್ರವ ಕುಡಿದು ಬಂದ. ಜಠರದಲ್ಲಿ ಏನೋ ಕಂಡಿತು. ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ಚೂರು ತೆಗೆದರು. ಮೊದಲು ಹುಣ್ಣು ಅಂದರು. ಡಾಕ್ಟರ್ ಕುಸಾಕಾಗೆ ಸಮಾಧಾನವಾಗಲಿಲ್ಲ. ಇನ್ನೊಮ್ಮೆ ಆಳದಿಂದ ಚೂರು ತೆಗೆದು, ಬೇರೆ ಬಣ್ಣ ಹಾಕಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಆಮೇಲೆ ಫುಮಿಯೊಬ್ಬಳನ್ನೇ ಒಳಗೆ ಕರೆದರು. ದೊಡ್ಡ ಕಾಯಿಲೆಯ ಹೆಸರನ್ನು ರೋಗಿಯೊಬ್ಬನನ್ನು ಬಿಟ್ಟು ಮನೆಯವರಿಗೆಲ್ಲ ಹೇಳುವುದು ಆಗ ನಮ್ಮ ಜಪಾನಿನಲ್ಲಿ ರೂಢಿ. ಅದನ್ನೇ ದಯೆ ಅನ್ನುತ್ತಿದ್ದೆವು.

"ಮೈಯಲ್ಲಿ ಪ್ಲಾಸ್ಮಾ ಕಣ ಅಂತಿರುತ್ತಮ್ಮ, ರೋಗದ ಜೊತೆ ಹೋರಾಡೋದು. ಅದೇ ಕೆಟ್ಟು ಜಠರದಲ್ಲಿ ಗಡ್ಡೆ ಕಟ್ಟಿದೆ. ಬಹಳ ಅಪರೂಪದ ಕ್ಯಾನ್ಸರು. ಬೇರೆಲ್ಲೂ ಹರಡಿಲ್ಲ, ಕತ್ತರಿಸಿ ತೆಗೀಬಹುದು. ಆದ್ರೆ ಮುಂದೆ ಮೂಳೆಗೆ ಇಳಿಯೋ ಭಯ ಇದೆ. ರಕ್ತ ನೋಡಿಸ್ತಾನೇ ಇರ್ಬೇಕು."

"ಅವ್ರಿಗೆ ಹುಣ್ಣು ಅಂತಲೇ ಹೇಳ್ಬಿಡಿ ಡಾಕ್ಟ್ರೇ. ನಿಜ ಗೊತ್ತಾದ್ರೆ ಹೆದರಿ ಹಾಸಿಗೆ ಹಿಡೀತಾರೆ."

ಡಾಕ್ಟರು ಹಾಗೇ ಹೇಳಿದರು. ಜಠರದ ಬಹುಭಾಗ ಹೋಯಿತು. ಯಾಸುಜಿ ತುತ್ತು ತುತ್ತಾಗಿ ಉಂಡು ಚೇತರಿಸಿಕೊಂಡ, ಮತ್ತೆ ಸೋಯಾ ಕಾಳು ರುಬ್ಬಲು ನಿಂತ. ಆಮೇಲೆ ರಕ್ತ ಪರೀಕ್ಷೆಗೆ ಕರೆದರೆ ಏಳಲೇ ಇಲ್ಲ.

"ಹುಣ್ಣು ಕಿತ್ತು ಬಿಸಾಕಿದ್ಮೇಲೆ ಇನ್ನೇನು ನೋಡ್ತಾರೆ? ಡಾಕ್ಟ್ರಿಗೆ ನನ್ ರಕ್ತದ ರುಚಿ ಹತ್ತಿದೆ. ನೀನೇ ಹೋಗಿ ತೋಫು ಕೊಟ್ಟು ಬಾ."

ಫುಮಿ ಬೈದಳು, ಅಂಗಲಾಚಿದಳು, ಊಟ ಬಿಟ್ಟಳು. ನಿಜವೊಂದನ್ನು ಮಾತ್ರ ಹೇಳಲಿಲ್ಲ. ಹೊಸ ವರ್ಷ ಕಳೆಯಲಿ, ಹಿಮ ಕರಗಲಿ ಎಂದು ದಿನ ತಳ್ಳಿದಳು. ತೋಫು ಒಯ್ದಾಗಲೆಲ್ಲ "ಯಜಮಾನ್ರು ಯಾಕೆ ಬರ್ಲಿಲ್ಲ?" ಎಂದು ಕುಸಾಕಾ ಕೇಳುತ್ತಿದ್ದರು, ಅವಳು ತಲೆ ತಗ್ಗಿಸಿ ಬರುತ್ತಿದ್ದಳು.

ಯಾಸುಜಿಯ ಬೆನ್ನು ನೋಯತೊಡಗಿತು. ಮೂಟೆ ಎತ್ತಿದ್ದಕ್ಕೆ ಅಂದ. ಫುಮಿ ಮುಲಾಮು ತಿಕ್ಕಿದಳು. ಒಂದು ದಿನ ಸೀನಿದ್ದಕ್ಕೇ ಅವನ ಪಕ್ಕೆಲುಬು ಮುರಿಯಿತು. ಎಕ್ಸ್‌ರೇ ತೆಗೆದರೆ ಮೂಳೆಗಳಲ್ಲೆಲ್ಲ ತೂತು. ಕುಸಾಕಾ ಔಷಧಿ ಶುರುಮಾಡಿದರು. ತಡವಾಯಿತು ಎಂದೂ ಹೇಳಿದರು, ಫುಮಿಗೆ ಮಾತ್ರ.

ಅವತ್ತು ಅವಳು ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟಳು.

"ಹುಣ್ಣಲ್ಲರೀ ಅದು. ಮೊದಲಿಂದ್ಲೂ ಗೊತ್ತಿತ್ತು ನಂಗೆ. ನೀವು ಹೆದರ್ತೀರ ಅಂತ..."

ಯಾಸುಜಿ ಬಯ್ಯಲಿಲ್ಲ.

"ಹೇಳಿದ್ದಿದ್ರೆ ಹೆದರ್ತಿದ್ದೆ ಕಣೆ. ಹೆದರ್ಕೊಂಡು ಆಸ್ಪತ್ರೆಗೆ ಹೋಗ್ತಿದ್ದೆ" ಅಂದ.